ಹದಿನೇಳನೆಯ ಹೆಸರು

ಹದಿನೇಳನೆಯ ಹೆಸರಿನ ಮುಂದಿದ್ದ ಹೆಬ್ಬೆಟ್ಟಿನ ಗುರುತು ಉಳಿದವುಗಳಿಗಿಂತ ಚಿಕ್ಕದಾಗಿತ್ತು. ಬೇರೆ ಬೇರೆ ದೇಶಗಳಲ್ಲಿ ಕಸುಬುದಾರರ ಸಂಘಗಳು ಸರ್ಕಾರದ ಮೇಲೆ ಹೇಗೆ ಒತ್ತಡ ತರುತ್ತವೆ ಎಂಬುದು ನನ್ನ ಪ್ರಬಂಧದ ವಿಷಯ. ಅದಕ್ಕಾಗಿ ಬೆಟಗೇರಿಯ ನೇಕಾರರ ಸಂಘವೊಂದರಲ್ಲಿ ಕುಳಿತು, ಅವರು ನೂಲಿಗಾಗಿ ಮಂತ್ರಿಗೆ ಬರೆದ ಅರ್ಜಿಯನ್ನು ಓದುತ್ತಿದ್ದೆ.

“ಅದು ಶಾಂತವ್ವನ ಹೆಬ್ಬೆಟ್ಟು. ಹೆಸರು ಆಕಿ ಗಂಡಂದು, ಅಂವ ತೀರಿಹೋಗಿ ವರ್ಷಾತು,” ಎಂದರು ಕಾರ್ಯದರ್ಶಿ. “ಹೆಣ್ಣಮಕ್ಕಳಿಗೆ ಸದಸ್ಯತ್ವ ಇಲ್ರಿ. ಅವನ ಹೆಸರು ತಗದ್ರ ಆಕಿಗೆ ನೂಲು ಬಂದ್ ಆಗತೈತಿ.”

ನೂಲು ಒಯ್ಯಲು ಬಂದಿದ್ದ ಶಾಂತವ್ವ ಬಾಗಿಲಲ್ಲೇ ನಿಂತಿದ್ದಳು. “ಇದ್ದಾಗ ಒಂದ ಮೀಟಿಂಗಿಗೂ ಬರಲಿಲ್ರಿ ನಮ್ಮವರು. ಈಗ ಹಾಜರಿ ಪುಸ್ತಕದಾಗ ಒಂದೂ ತಪ್ಪಸೂದಿಲ್ಲ,” ಎಂದು ನಕ್ಕಳು. ಆಮೇಲೆ ನನ್ನನ್ನು ಕೇಳಿದಳು: “ನೀವು ಓದಿದ ದೇಶದಾಗ ಗಂಡ ಸತ್ತಾಕಿ ಏನ್ ಮಾಡ್ತಾಳ್ರಿ, ಅಕ್ಕಾರ?”

ಮೂರು ದೇಶಗಳ ಬಗ್ಗೆ ಬರೆದಿದ್ದೆ. ಇದನ್ನು ಎಲ್ಲೂ ಓದಿರಲಿಲ್ಲ. ಗೊತ್ತಿಲ್ಲವೆಂದೆ.

ಮರುದಿನ ಬೆಳಿಗ್ಗೆ, ವಿರೋಧ ಪಕ್ಷದ ನಾಯಕರಿಗೂ ಒಂದು ಪ್ರತಿ ಬೇಕೆಂದು ಕಾರ್ಯದರ್ಶಿ ಹೇಳಿದಾಗ ನಾನೇ ನಕಲು ಮಾಡಿಕೊಟ್ಟೆ. ಹದಿನೇಳನೆಯ ಸಾಲಿನಲ್ಲಿ ಸತ್ತವನ ಹೆಸರು ಬರೆದೆ. ಶಾಂತವ್ವನ ಮನೆಗೆ ಹೋಗಿ, ಮಗ್ಗದ ಮೇಲಿನ ಸೀರೆಗೆ ತಾಗದಂತೆ, ಅವಳ ಹೆಬ್ಬೆರಳಿಗೆ ಶಾಯಿ ಹಚ್ಚಿದೆ.