ಮುಷ್ಟ್ಯಾಗ ಬಂದ ಚಾವಿ ಗೊಂಚಲು

ದೋಸ್ತರ, ಇವತ್ತ ನಾ ಸುರಪುರ ಮುಟ್ಟೀನಿ! ನಗಬ್ಯಾಡ್ರಿ. ಹೋದ ವಾರ ಇದೇ ಹೊಸ ನೌಕರಿಗಿ ಸೇರಾಕ ಹೊಂಟು, ಎದಿ ಬಡಿತ ತಾಳಲಾರದ, ಅರ್ಧ ದಾರ್ಯಾಗ ಇಳದು ಶಹಾಪುರಕ್ಕ ಹೊಳ್ಳಿ ಬಂದಾಕಿ ನಾನು.

ಇವತ್ತೂ ಬಸ್ಸು ಹೊಂಟ ಕೂಡ್ಲೆ ಎದಿ ಢವಢವ, ಕೈ ಜೋಮು, ಮೈಯೆಲ್ಲಾ ಬೆವರು. ಬಾಜೂಕ ಕುಂತ ಸಗರ ಊರಿನ ಒಬ್ಬ ಮುದುಕವ್ವ ನನ್ನ ನಡುಗೋ ಕೈ ನೋಡಿ, ಸೊಂಟದಾಗಿನ ಚಾವಿ ಗೊಂಚಲು ಕಿತ್ತು ನನ್ನ ಮುಷ್ಟ್ಯಾಗ ತುರುಕಿದಳು.

"ಮೂರ್ಛಿ ಬಂದದ! ಕಬ್ಬಿಣ ಬಿಗಿ ಹಿಡಿ ಯವ್ವಾ! ಬಸ್ ನಿಲ್ಲಸ್ರಿ!"

"ನಿಲ್ಲಸಬ್ಯಾಡ್ರಿ!" ಅಂತ ನಾನೇ ಒದರಿದೆ. "ಮೂರ್ಛಿ ಅಲ್ಲ ಅವ್ವಾ, ಇದು ನನ್ನ ಗಾಬರಿ. ಇದರ ಗುರ್ತು ನನಗ ಅದ. ಡಾಕ್ಟರು ಎದಿ ತಪಾಸಣಿ ಮಾಡಿ ಏನೂ ಇಲ್ಲ ಅಂದಾರ. ಇದು ಜೋರಾಗ್ತದ, ಆಮ್ಯಾಲ ತಾನೇ ಹೋಗ್ತದ."

ನಿಧಾನ ಉಸಿರು ಬಿಟ್ಕೋತ ಕುಂತೆ. ಸುರಪುರ ಬರೂದ್ರಾಗ ಕೈ ನಡುಗೂದು ನಿಂತಿತ್ತು. ಕುಸ್ತಿ ಗೆದ್ದವರಂಗ ಎದಿ ಸೆಟೆಸಿ ಆಫೀಸಿಗಿ ಹೋದೆ. ಹಾಜರಿ ಸಹಿ ಮಾಡಾಕಂತ ಮುಷ್ಟಿ ಬಿಚ್ಚಿದರ, ಅವ್ವನ ಚಾವಿ! ಅವ್ವ ಅದೇ ಬಸ್ಸಿನ್ಯಾಗ ಹುಣಸಗಿಗಿ ಹೋಗ್ಯಾಳ.

ಸಗರದ ಮಂದಿ ಯಾರರ ಇದ್ರ ಆಕಿಗಿ ಹೇಳ್ರಿ, ಸಂಜಿಗಿ ಸಗರಕ್ಕ ಬಂದು ಚಾವಿ ಕೊಡ್ತೀನಿ. "ಗಾಬರಿ ತಾನೇ ಹೋಗ್ತದ" ಅಂತ ಮಾತ್ರ ಹೇಳಬ್ಯಾಡ್ರಿ. ಆಕಿದು ಚಾವಿ ಸಿಕ್ಕ ಮ್ಯಾಲೇ ಹೋಗ್ತದ.