ಪಿ.ಟಿ. ಟೀಚರ ಹಳೆಯ ಕಾರು

ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಪಿ.ಟಿ. ಟೀಚರ್. ಲಿಂಗಸುಗೂರಿನ ಶಾಲೆಗೆ ದಿನಾಲೂ ತಮ್ಮ ಟರ್ಬೊ ಕಾರಿನಲ್ಲೇ ಹೋಗಿಬರುತ್ತಿದ್ದರು. ಒಂದು ಕಾಲಕ್ಕೆ ಬಾಣದಂತೆ ಹೋಗುತ್ತಿದ್ದ ಆ ಕಾರು ಎರಡು ಲಕ್ಷ ಕಿಲೋಮೀಟರ್ ದಾಟಿ ದಣಿದಿತ್ತು. ಭತ್ತದ ಲಾರಿಗಳನ್ನು ಹಿಂದೆ ಹಾಕಲಾಗದೆ ಅದು ಏದುಸಿರು ಬಿಟ್ಟಾಗಲೆಲ್ಲ ಟೀಚರ್ ಸ್ಟೀರಿಂಗ್ ಮೇಲೆ ಮೆಲ್ಲಗೆ ತಟ್ಟಿ, "ಸಾಕಾತೇನ್ ನಿನಗ?" ಎಂದು ಕೇಳುತ್ತಿದ್ದರು.

ಎಂಜಿನ್ನಿಗೆ ಹೆಚ್ಚು ಗಾಳಿ ಊದುವ ದೊಡ್ಡ ಟರ್ಬೊ ಹಾಕಿ, ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿದರೆ ಹೊಸದಕ್ಕಿಂತ ಜೋರಾಗಿ ಓಡುತ್ತದೆ ಎಂದು ಮಸ್ಕಿಯ ಮೆಕ್ಯಾನಿಕ್ ಒಬ್ಬ ಆಸೆ ಹಚ್ಚಿದ್ದ. ಟೀಚರ್ ತಿಂಗಳುಗಟ್ಟಲೆ ಅದನ್ನೇ ಯೋಚಿಸಿದರು. ಕೊನೆಗೆ ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಅವನ ಗ್ಯಾರೇಜಿಗೆ ಹೋದರು.

ಅವನು ಎಂಜಿನ್ ಪರೀಕ್ಷಿಸಿ ಕೈ ಒರೆಸಿಕೊಂಡ. "ಒಳಗ ಭಾಳ ಸವದೈತ್ರಿ ಮೇಡಂ. ನೀವು ಹೂಂ ಅಂದ್ರ ಮಾಡ್ತೀನಿ, ಹಾರಿಕೊಂತ ಹೋಗತೈತಿ. ಎಷ್ಟು ದಿನ ತಾಳತೈತಿ ಅಂತ ಮಾತ್ರ ಕೇಳಬ್ಯಾಡ್ರಿ."

ಟೀಚರ್ ತೆರೆದ ಬಾನೆಟ್ಟಿನೊಳಗೆ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಾಲೇಜಿನ್ಯಾಗ ಮೊಣಕಾಲು ನೋಯಾಕತ್ತಿತ್ತು. ಇಂಜೆಕ್ಷನ್ ಹಾಕಿಸ್ಕೊಂಡು ಓಡಿದೆ, ಫಸ್ಟ್ ಬಂದೆ. ಅದ ಕಡೀ ರೇಸ್ ಆತು ನೋಡವಾ."

ಮಕ್ಕಳನ್ನು ಓಡಿಸುತ್ತಿದ್ದ ಟೀಚರ್ ತಾವು ಓಡಿದ ಮಾತನ್ನು ಅದುವರೆಗೆ ಎಂದೂ ಆಡಿರಲಿಲ್ಲ.

ಮೆಕ್ಯಾನಿಕ್ ಕಾಯುತ್ತಿದ್ದ. "ದೊಡ್ಡ ಟರ್ಬೊ ಬ್ಯಾಡಪ್ಪ," ಎಂದರು ಟೀಚರ್. "ಸವದದ್ದಷ್ಟ ಬದಲಿ ಮಾಡು. ಆದಷ್ಟು ಓಡ್ಲಿ."

ಕಾರನ್ನು ಅಲ್ಲೇ ಬಿಟ್ಟು ಸಿಂಧನೂರಿನ ಬಸ್ಸಿಗೆ ಬಂದೆವು. ಮೆಟ್ಟಿಲು ಎತ್ತರವಿತ್ತು. ಯಾರ ಆಸರೆಯನ್ನೂ ಬೇಡದ ಟೀಚರ್ ಅಂದು ನನ್ನ ಹೆಗಲು ಹಿಡಿದು ಹತ್ತಿದರು.