ಕೈಗಳಿದ್ದ ಕರಿಗೋಡೆ

ಆಚಾರಿ ಮನೆಯ ಗೋಡೆ ಮುಚ್ಚಂಜೆ ಹೊತ್ತಿನಲ್ಲಿ ಚಪ್ಪಾಳೆ ತಟ್ಟುತ್ತದೆ ಎನ್ನುವುದು ಅಕ್ಕಪಕ್ಕದವರ ಮಾತು. ಉಣ್ಣಲು ಹಟ ಮಾಡುವ ಮಕ್ಕಳಿಗೆ ತಾಯಂದಿರು, "ತಡಿ, ಆಚಾರ್ ಮನೆ ಗೋಡೆತಾವ ಬುಟ್‌ಬುಟ್ ಬತ್ತೀನಿ" ಅಂತ ಹೆದರಿಸುತ್ತಿದ್ದರು. ಅದು ಕಿವಿಗೆ ಬಿದ್ದರೆ ಆ ಮನೆಯ ಸೊಸೆ ದೊಡ್ಡಲಕ್ಷ್ಮಮ್ಮ ನಗುತ್ತಿದ್ದಳು.

"ತಟ್ಲಿ ಬುಡ್ರವ್ವ. ನಮ್ ಯಜಮಾನ್ರು ಬೆಳಗಿಂದ ಸುತ್ತಿಗೆ ಕುಟ್ಟವ್ರೆ. ಒಬ್ರಾದ್ರೂ ಚಪ್ಪಾಳೆ ತಟ್ಬ್ಯಾಡ್ವಾ?"

ಕೆಂಗಲ್ ದಾಟಿ ಚನ್ನಪಟ್ಟಣದ ಕಡೆ ಬರುವಾಗ ಹೆದ್ದಾರಿಗೆ ಅಂಟಿಕೊಂಡಂತೆ ಆ ಮನೆ. ಮುಂದೆ ಕುಲುಮೆ, ಹಿಂದೆ ಸಂಸಾರ. ತಲೆಮಾರುಗಳಿಂದ ಅಲ್ಲಿ ಕುಡುಗೋಲು, ಮಚ್ಚು, ಬಾಚಿ ಹುಟ್ಟುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಗೊಂಬೆ ಕಡೆಯುವವರ ಉಳಿ. ಗೊಂಬೆ ಕಡೆಯುವವನ ಕೈಯಲ್ಲಿ ದಿನವಿಡೀ ಉಳಿ ಇರುತ್ತದೆ. ಅದರ ಹಿಡಿ ಅಂಗೈಗೆ ಸರಿಯಾಗಿ ಕೂರದಿದ್ದರೆ ಮಣಿಕಟ್ಟು ಸೋಲುತ್ತದೆ, ಗೊಂಬೆಯ ಕತ್ತಿನ ಹತ್ತಿರ ಉಳಿ ಜಾರುತ್ತದೆ. ಅದಕ್ಕೇ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕುಲುಮೆಯ ಎದುರು ಗೋಡೆಗೆ ಇದ್ದಿಲ ಪುಡಿ, ಸಗಣಿ ಕಲಸಿ ಕರ್ರಗೆ ಸಾರಿಸಿದ್ದರು. ಉಳಿ ಬೇಕೆಂದು ಬಂದವನು ಸುಣ್ಣದ ನೀರಿನಲ್ಲಿ ಅಂಗೈ ಅದ್ದಿ ಆ ಗೋಡೆಗೆ ಒತ್ತಬೇಕು. ಆ ಬಿಳಿ ಕೈಯನ್ನು ನೋಡಿಕೊಂಡು ಹಿಡಿ ಕೆತ್ತಬೇಕು.

ದೊಡ್ಡಲಕ್ಷ್ಮಮ್ಮ ಕುದೂರಿನ ಕಡೆಯ ಹುಡುಗಿ. ಮದುವೆಯಾಗಿ ಬಂದ ವರ್ಷದ ಯುಗಾದಿಗೆ, ಹೊಸ ಸೊಸೆ ಮೈಗಳ್ಳಿ ಅನ್ನಿಸಿಕೊಳ್ಳಬಾರದೆಂದು ಮನೆಗೆಲ್ಲ ಸುಣ್ಣ ಬಳಿದಳು. ಗಂಡಸರು ಸಂತೆಗೆ ಹೋಗಿದ್ದರು. ಮಕ್ಕಳು ಸುಣ್ಣದ ಕೈ ಒರೆಸಿದಂತಿದ್ದ ಕುಲುಮೆಯ ಕರಿಗೋಡೆ ಕಣ್ಣಿಗೆ ಬಿತ್ತು. ಪಾಪ, ಎಷ್ಟು ವರ್ಷದಿಂದ ಯಾರೂ ಕೈ ಹಾಕಿಲ್ಲವೋ ಅಂದುಕೊಂಡು ಅದಕ್ಕೂ ಎರಡು ಸಲ ಬಳಿದು, ಹಾಲಿನ ಹಾಗೆ ಬೆಳ್ಳಗಾಗಿದ್ದನ್ನು ನೋಡಿ ಹಿಗ್ಗಿದಳು.

ಸಂಜೆ ಮಾವ ಬಂದವರು ಗೋಡೆಯ ಮುಂದೆ ತಲೆಯ ವಸ್ತ್ರ ತೆಗೆದು ನಿಂತರು. ಗಂಡ ವೀರಾಚಾರಿ ತಲೆ ಮೇಲೆ ಕೈ ಹೊತ್ತು ಕೂತ. ಆಗ ಹೆಣ್ಣಿಗೆ ಗೊತ್ತಾಯಿತು, ಏನೋ ಆಗಬಾರದ್ದು ಆಗಿದೆ ಅಂತ. ಕಂಬ ಹಿಡಿದುಕೊಂಡು ಅಳತೊಡಗಿದಳು.

ಮಾವ ಬೈಯಲಿಲ್ಲ. "ಅಳಬ್ಯಾಡ ಕಣವ್ವ. ಗೋಡೆ ಬಿದ್ದೋಗಿಲ್ವಲ್ಲ. ಇದ್ದಿಲು ಕುಟ್ಟು" ಅಂದರು. ಗೋಡೆಯನ್ನು ಮತ್ತೆ ಕರ್ರಗೆ ಮಾಡಿಸಿ, ಗೊಂಬೆ ಕಡೆಯುವವರಿಗೆಲ್ಲ ಹೇಳಿ ಕಳಿಸಿದರು. ಸೊಸೆಯ ಕೈಗೆ ಸುಣ್ಣದ ಬಟ್ಟಲು ಕೊಟ್ಟು, "ಇಲ್ಲೇ ನಿಂತ್ಕೊ. ಬಂದೋರ ಕೈ ನೋಡು. ಮುಖ ನೋಡ್ಬ್ಯಾಡ, ಕೈ ನೋಡು" ಅಂದರು.

ಬಂದರು ನೋಡಿ ಒಬ್ಬೊಬ್ಬರೇ! ಬೆರಳ ಸಂದಿಯಲ್ಲಿ ಅರಗಿನ ಬಣ್ಣ ಮೆತ್ತಿದವರು, ಉಗುರು ಸೀಳಿದವರು. ಆಗಿನ್ನೂ ಮೀಸೆ ಚಿಗುರುತ್ತಿದ್ದ ರಸೂಲ್, "ಹೊಸ ಅಕ್ಕ ನಮ್ಮೆಲ್ರಿಗೂ ಸುಣ್ಣ ಬಳ್ದವ್ಳೆ ಬನ್ರಪ್ಪೋ" ಅಂತ ರಸ್ತೆಯಿಂದಲೇ ಕೂಗಿಕೊಂಡು ಬಂದ. ಅಳುತ್ತಿದ್ದವಳಿಗೆ ನಗು ಬಂತು. ಎಲ್ಲರಿಗಿಂತ ಕೊನೆಗೆ ವೀರಾಚಾರಿಯ ಸರದಿ. ಸುತ್ತಿಗೆಯ ಹಿಡಿಗೆ ಅವನದೂ ಅಚ್ಚು ಬೇಕಲ್ಲ. ಅವನ ಕಿರುಬೆರಳು ಸೊಟ್ಟ, ಅಚ್ಚು ಪೂರ್ತಿ ಮೂಡುತ್ತಿರಲಿಲ್ಲ. "ಒತ್ತವ್ವ ಹಿಂದಿಂದ" ಅಂದರು ಮಾವ. ನಾಲ್ಕು ಜನರ ಎದುರು ಅವಳು ಗಂಡನ ಕೈ ಮುಟ್ಟಿದ್ದು ಅದೇ ಮೊದಲು.

ಅವತ್ತಿನಿಂದ ಹಿಡಿ ಕೆತ್ತುವ ಕೆಲಸ ಅವಳದಾಯಿತು. ಗಂಡ ಉಳಿ ಬಡಿದರೆ ಹೆಂಡತಿ ಜಾಲಿ ಮರದಲ್ಲಿ ಹಿಡಿ ಮಾಡುವಳು. ಮೊದಲು ಮಾಡಿದ್ದು ಅವನ ಸುತ್ತಿಗೆಯದು. ಅವನು ಅದನ್ನು ಕೊನೆಯವರೆಗೂ ಬದಲಿಸಲಿಲ್ಲ.

ಕಾಲ ಸರಿಯಿತು. ಎರಡು ಸಾವಿರ ಇಸವಿಯ ಸುತ್ತಮುತ್ತ ಬಿಡದಿಯ ಕಡೆ ಕಾರ್ಖಾನೆಗಳು ಎದ್ದವು. ಗೊಂಬೆ ಕಡೆಯಲು ಕರೆಂಟಿನ ಯಂತ್ರ ಬಂತು, ಅಂಗಡಿಗಳಲ್ಲಿ ಎಲ್ಲ ಕೈಗೂ ಒಂದೇ ಅಳತೆಯ ಉಳಿ ಬಂತು. ವೀರಾಚಾರಿ ತೀರಿಕೊಂಡ. ಮಗ ಸ್ವಾಮಿ ಕುಲುಮೆ ನಡೆಸಿಕೊಂಡು ಬಂದ. ಒಂದು ದಿನ ರಸ್ತೆ ಅಗಲ ಮಾಡುವವರು ಬಂದು ಮನೆಯ ಗೋಡೆಗೆ ಕೆಂಪು ಗುರುತು ಹಾಕಿ ಹೋದರು. ಸ್ವಾಮಿ ಸಾತನೂರು ರಸ್ತೆಯಲ್ಲಿ ಶೆಡ್ಡು ಹಾಕಿಸಿದ. ಸೊಸೆ ರಮ್ಯ ಪಾತ್ರೆ ಕಟ್ಟಿದಳು. ಟೆಂಪೋ ಬಂದು ನಿಂತಿತು.

ದೊಡ್ಡಲಕ್ಷ್ಮಮ್ಮ ಮಾತ್ರ ಗೋಡೆಯ ಮುಂದಿನಿಂದ ಏಳಲಿಲ್ಲ. "ಗೋಡೆ ಬಂದ್ರೆ ನಾನೂ ಬತ್ತೀನಿ. ಇಲ್ದಿದ್ರೆ ನೀವ್ ನಡೀರಿ."

"ಅವ್ವ, ಗೋಡೆ ಹೊತ್ಕೊಂಡೋಗಕಾದದಾ?" ಅಂದ ಸ್ವಾಮಿ. ಅವಳ ಕಣ್ಣು ತಿದಿಗೆ ಎದುರಾಗಿದ್ದ ಒಂದು ಕೈಯ ಮೇಲೇ ಇತ್ತು. ಕಿರುಬೆರಳು ಸೊಟ್ಟ ಇದ್ದ ಕೈ. ಮಗನಿಗೆ ಅರ್ಥವಾಯಿತು. ಚಾಣ ತಂದು ಆ ಅಚ್ಚಿನ ಸುತ್ತ ಮೆಲ್ಲಗೆ ಕೊರೆದ. ಮಣ್ಣಿನ ಗೋಡೆ. ಹೆಬ್ಬೆರಳಿನ ಜಾಗ ಹೆಂಟೆಯಾಗಿ ಉದುರಿತು.

"ಬುಡ್ಲಾ! ಇರದ್ನೂ ಕೆಡಿಸ್ಬ್ಯಾಡ!" ಅಂತ ಚೀರಿ, ಉದುರಿದ ಮಣ್ಣನ್ನು ಮಡಿಲಿಗೆ ತುಂಬಿಕೊಂಡಳು.

ಅಷ್ಟರಲ್ಲಿ ರಸೂಲ್ ಬಂದ. ಈಗ ಅವನ ಗಡ್ಡವೆಲ್ಲ ಬಿಳಿ. ಹೆಗಲ ಚೀಲದಲ್ಲಿ ಉಳಿ. "ಏನಕ್ಕ, ಬುಲ್ಡೋಜರ್ ಕೈಲೂ ಅಚ್ಚು ಒತ್ತಿಸ್ಕೊಂಡು ಹಿಡಿ ಮಾಡ್ಕೊಡಣ ಅಂತ ಕುಂತಿದ್ಯಾ?"

ಅವಳು ನಗಲಿಲ್ಲ. ರಸೂಲ್ ಚೀಲ ಕೆಳಗಿಟ್ಟ. ಆಮೇಲೆ ಗೋಡೆಯ ಮೇಲೆ ತನ್ನ ಅಚ್ಚನ್ನು ಹುಡುಕಿ, ಅದರ ಮೇಲೆ ಕೈ ಇಟ್ಟ. ಗೆಣ್ಣು ಊದಿ, ಬೆರಳು ಬಾಗಿ, ಕೈ ಅಚ್ಚಿನಿಂದ ಹೊರಗೆ ನಿಂತಿತು.

"ನೋಡಕ್ಕ. ಇವನ್ಯಾರೋ ಹುಡ್ಗ. ನಾನಲ್ಲ." ಚೀಲದಿಂದ ಉಳಿ ತೆಗೆದು ಹಿಡಿದ. ಅವಳೇ ಕೆತ್ತಿದ ಹಿಡಿ, ಸವೆದೂ ಸವೆದೂ ಆ ಬಾಗಿದ ಬೆರಳುಗಳಿಗೆ ಒಂದೊಂದು ತಗ್ಗು ಬಿದ್ದಿತ್ತು. ಬೆರಳುಗಳು ತಗ್ಗಿನಲ್ಲಿ ಹೋಗಿ ಕೂತವು. "ನನ್ ಕೈ ಇಲ್ಲೈತೆ. ನಿಂಗೆ ಗೋಡೆ ಯಾಕಕ್ಕ?"

ದೊಡ್ಡಲಕ್ಷ್ಮಮ್ಮ ಆ ಹಿಡಿಯ ತಗ್ಗುಗಳನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಮಡಿಲ ಮಣ್ಣನ್ನು ಗೋಡೆಯ ಬುಡಕ್ಕೆ ಸುರಿದು, ಎದ್ದು ಟೆಂಪೋ ಹತ್ತಿರ ಹೋಗಿ, ಗೋಣಿಚೀಲ ಬಿಚ್ಚಿಸಿ ಗಂಡನ ಸುತ್ತಿಗೆ ಎತ್ತಿಕೊಂಡಳು. ಹಿಡಿ ನುಣ್ಣಗೆ ಕಪ್ಪಾಗಿತ್ತು. ಹೆಬ್ಬೆರಳು ಕೂರುವ ಕಡೆ ಒಂದು ಗುಳಿ. ಕೊನೆಯಲ್ಲಿ, ಸೊಟ್ಟ ಕಿರುಬೆರಳು ಒರಗುತ್ತಿದ್ದ ಕಡೆ, ಓರೆಯಾಗಿ ಒಂದು ಸವಕಲು. ತನ್ನ ಹೆಬ್ಬೆರಳನ್ನು ಆ ಗುಳಿಯಲ್ಲಿಟ್ಟು ಕಣ್ಣು ಮುಚ್ಚಿದಳು.

"ಲೇ ಸ್ವಾಮಿ, ಸುಣ್ಣ ಐತಾ?" ಅಂದಳು.

"ಐತವ್ವ. ಯಾಕೆ?"

"ತತ್ತಾ. ಯಾವ್ದೋ ಮಿಷನ್ನು ಬಂದು ಇವ್ರ ಕೈ ಮುರಿಯೋದ್ ಬ್ಯಾಡ."

ಸೊಸೆಯಾಗಿ ಬಂದಾಗ ಬಳಿದ ಹಾಗೆಯೇ, ಮೇಲಿನಿಂದ ಕೆಳಕ್ಕೆ ಬಳಿದಳು. ರಸೂಲ್ ಬಟ್ಟಲು ಹಿಡಿದು ನಿಂತಿದ್ದ. "ಈ ಸಲ ನಾನ್ ಕೂಗಲ್ಲಕ್ಕ" ಅಂದ. ಆಗ ಅವಳು ನಕ್ಕಳು. ಗಂಡನ ಕೈಯ ಹತ್ತಿರ ಬಂದಾಗ ಕುಂಚ ಕೆಳಗಿಟ್ಟು, ಸುಣ್ಣವನ್ನು ತನ್ನ ಅಂಗೈಯಲ್ಲೇ ಬಳಿದಳು, ಮಗುವಿನ ಬೆನ್ನಿಗೆ ಎಣ್ಣೆ ಸವರುವ ಹಾಗೆ.

ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುತ್ತಿಗೆಯನ್ನು ಎದೆಗೆ ಆನಿಸಿಕೊಂಡು ಹೊಸ್ತಿಲು ದಾಟಿದಳು.

ಹಿಂದೆ ಬಂದ ಸ್ವಾಮಿ ಕೇಳಿದ, "ಬಾಗ್ಲು ಹಾಕ್ಲಾ ಅವ್ವ?"

"ಬ್ಯಾಡ ಕಣ್ ಮಗ. ಸುಣ್ಣ ಆರ್ಲಿ."